ಚೌಡಜ್ಜನ ಹಗ್ಗ ಹಿಡಿದವರಿಗೆ

ಕಿರುನೆಲ್ಲಿ ಹಾಡಿ
ಬಿದಿರು ಮೂರನೆಯ ಸಲ ಹೂಬಿಟ್ಟ ಮರುವರ್ಷ, ಹೆಜ್ಜೇನು ಬಂದಿಳಿದ ವಾರ

ಮಾರಜ್ಜನವರಿಗೆ,

ಮೇಲಿನ ತಾರೀಖು ನಿಮಗೆ ಸುಳ್ಳು ಎನಿಸಬಹುದು. ನಾವು ಈಗ ಕಾಲವನ್ನು ಬಿದಿರೆಣಿಕೆಯಲ್ಲಿ ಹೇಳುತ್ತೇವೆ. ಕಾಡಿನ ಬಿದಿರೆಲ್ಲ ಒಟ್ಟಿಗೆ ಹೂಬಿಟ್ಟು ಸಾಯುತ್ತದಲ್ಲ, ಅಲ್ಲಿಂದ ಮತ್ತೊಂದು ಹೂವಿನವರೆಗೆ ಒಂದು ಎಣಿಕೆ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ನೀವು ಕೂತಿರುವ ದಿನಕ್ಕೂ ನಾನು ಬರೆಯುತ್ತಿರುವ ದಿನಕ್ಕೂ ನಡುವೆ ಹತ್ತಿರಹತ್ತಿರ ನೂರೈವತ್ತು ವರ್ಷ. ನಮ್ಮ ಮಾತು ಅಷ್ಟು ವರ್ಷದಲ್ಲಿ ಸಾಕಷ್ಟು ಬದಲಾಗಿದೆ. ಹಳೆಯ ಪುಸ್ತಕಗಳನ್ನು ಓದಿ ಓದಿ ನಿಮ್ಮ ಕಾಲದ ಕನ್ನಡವನ್ನು ಕಲಿತುಕೊಂಡಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದನ್ನು ನಿಮಗೆ ಓದಿ ಹೇಳುತ್ತಿರುವವಳು ಚೌಡಜ್ಜನ ದೊಡ್ಡ ಮಗಳು ಗೌರಿ ಎಂದುಕೊಂಡಿದ್ದೇನೆ. ಗೌರಜ್ಜಿ, ಮೇಲಿನ ಊರಿನ ಹೆಸರನ್ನು ಇನ್ನೊಮ್ಮೆ ಓದಿ. ಹೌದು, ಅದೇ ಕಿರುನೆಲ್ಲಿ ಹಾಡಿ. ನಾವು ಇಲ್ಲೇ ಇದ್ದೇವೆ. ಅಳು ಬಂದರೆ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಓದಿ.

ನಿಮ್ಮ ಬಾವ ಚೌಡ ತೀರಿಕೊಂಡು ಇಂದಿಗೆ ಮೂರು ದಿನ. ಎದೆನೋವು ಬಂದವರನ್ನು ಕಂಬಳಿಯ ಜೋಲಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟಿರಿ. ಬಿದಿರಿನ ಮುಂದಿನ ತುದಿ ನಿಮ್ಮ ಹೆಗಲ ಮೇಲಿತ್ತು. ಕಾಡಿನ ಗೇಟಿಗೆ ಬಂದಾಗ ಬೀಗ ಹಾಕಿತ್ತು, ಬೀಗದ ಕೈ ಇದ್ದವನು ಊಟಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವತ್ತು ಬೆಳಿಗ್ಗೆ ಅರಣ್ಯ ಇಲಾಖೆಯ ಸಾಹೇಬರು ಸಂತಾಪ ಹೇಳಲು ಬಂದು, ಹೋಗುವಾಗ ಒಂದು ಮಾತು ಬಿಟ್ಟು ಹೋದರು: "ನಾವು ಕಟ್ಟಿಸಿದ ಕೆಳಗಿನ ಕಾಲೊನಿಗೆ ಬಂದಿದ್ದರೆ ಆಸ್ಪತ್ರೆ ಪಕ್ಕದಲ್ಲೇ ಇತ್ತು, ಚೌಡ ಬದುಕುತ್ತಿದ್ದ." ಆ ಮಾತು ಹಾಡಿಯಲ್ಲಿ ಮನೆಯಿಂದ ಮನೆಗೆ ಹೋಗಿದೆ. ಕೆಲವರು ಆಗಲೇ ಪಾತ್ರೆ ಕಟ್ಟುತ್ತಿದ್ದಾರೆ. ನಾಳೆ ಸಭೆ. ಕಾಡು ಬಿಟ್ಟು ಇಳಿಯುತ್ತೀರೋ ಇಲ್ಲವೋ ಎಂದು ನಾಳೆ ಕೇಳುತ್ತಾರೆ, ಪ್ರತಿ ಸಲ ಚೌಡಜ್ಜ ಎದ್ದು ನಿಲ್ಲುತ್ತಿದ್ದ ಜಾಗದಲ್ಲಿ ಈ ಸಲ ಯಾರೂ ಇಲ್ಲ. ಎಲ್ಲರ ಕಣ್ಣೂ ನಿಮ್ಮ ಮೇಲಿದೆ. ನೀವೋ, ಹಗ್ಗ ಹಿಡಿದವನೇ ಕೈಬಿಟ್ಟ ಎಂದು ನಿಮ್ಮನ್ನು ನೀವೇ ಹಳಿದುಕೊಂಡು ಕೂತಿದ್ದೀರಿ.

ಹಗ್ಗದ ಮಾತಿನಿಂದಲೇ ಶುರುಮಾಡುತ್ತೇನೆ. ಬಂಡೆಯ ಅಂಚಿನಿಂದ ಹೆಜ್ಜೇನಿಗೆ ಇಳಿಯುವವನ ಹಗ್ಗವನ್ನು ಮೇಲೆ ಹಿಡಿಯುವವನು ಅವನ ಹೆಂಡತಿಯ ತಮ್ಮನೇ ಆಗಿರಬೇಕು. ಒಡಹುಟ್ಟಿದ ಅಣ್ಣತಮ್ಮನಿಗೆ ಜಾಗದ ಆಸೆ ಇರಬಹುದು, ಗೆಳೆಯನಿಗೆ ಹಳೆಯ ಜಗಳ ನೆನಪಾಗಬಹುದು. ಅಕ್ಕ ಗಂಡನಿಲ್ಲದೆ ಕೂರಬಾರದು ಎನ್ನುವವನು ಮಾತ್ರ, ಜೇನು ಮುಖಕ್ಕೆ ಮುತ್ತಿದರೂ ಕೈ ಸಡಿಲಿಸುವುದಿಲ್ಲ. ನೀವು ಸಡಿಲಿಸಲಿಲ್ಲ. ಒಂದು ಸಲ ನಿಮ್ಮ ಕಣ್ಣು ಊದಿ ಮುಚ್ಚಿಹೋದಾಗ ಕೆಳಗಿನಿಂದ ಚೌಡಜ್ಜ ಕೂಗಿದರಂತೆ: "ಏ ಮಾರ, ಸತ್ತಿಯೇನೋ? ಸಾಯೋದಾದ್ರೆ ನನ್ನ ಮೇಲಕ್ಕೆ ಎಳ್ದಾಕ್ಬುಟ್ಟು ಸಾಯಿ!" ನಗು ತಡೆಯಲಾಗದಿದ್ದರೂ ನೀವು ಹಗ್ಗ ಬಿಡಲಿಲ್ಲವಂತೆ. ಈ ಕತೆಯನ್ನು ನಮ್ಮಲ್ಲಿ ಮಕ್ಕಳು ಆಡಿ ತೋರಿಸುತ್ತಾರೆ. ಮಾರ ಆಗಲು ಯಾವಾಗಲೂ ಜಗಳ.

ಚೌಡಜ್ಜನ ಬಗ್ಗೆ ನಮಗೆ ತಿಳಿದಿರುವುದೆಲ್ಲ ಬಾಯಿಂದ ಬಾಯಿಗೆ ಬಂದದ್ದು. ಜೇನು ಕಚ್ಚಿ ಊದಿದ ಬೆರಳುಗಳಲ್ಲೇ ಮೂರು ಹೆಣ್ಣುಮಕ್ಕಳ ಜಡೆ ಹೆಣೆಯುತ್ತಿದ್ದರು. ಜಡೆ ಸೊಟ್ಟಗಾಯಿತು ಎಂದು ಮಕ್ಕಳು ಅತ್ತರೆ, ಕಾಡಲ್ಲಿ ನೆಟ್ಟಗಿರೋದು ಯಾವುದು ತೋರಿಸಿ ಎನ್ನುತ್ತಿದ್ದರು. ಮೊದಲ ತಟ್ಟಿಯ ಜೇನುತುಪ್ಪ ಕಾಡಿಗೆ, ಎರಡನೆಯದು ಹೆಂಡತಿಯ ಅವ್ವನಿಗೆ. ಅದಕ್ಕೇ ಅತ್ತೆ ಅವರ ಪಕ್ಷ ಎಂದು ನಿಮ್ಮ ಅಕ್ಕ ಜಕ್ಕಜ್ಜಿ ಯಾವಾಗಲೂ ಛೇಡಿಸುತ್ತಿದ್ದರಂತೆ. ಹಾಡಿಯಲ್ಲಿ ಯಾರಿಗೆ ಹೆರಿಗೆ ನೋವು ಬರಲಿ, ಯಾರಿಗೆ ಹಾವು ಕಡಿಯಲಿ, ಕಂಬಳಿ ಹಿಡಿದು ಮೊದಲು ಬರುತ್ತಿದ್ದವರು ಅವರು. ನಿಮ್ಮ ಹಾಡಿಯ ಬೊಮ್ಮಿಯನ್ನು ಹೆರಿಗೆಗೆ ಹೊತ್ತೊಯ್ದ ದಿನ ಆಕೆ ನೋವಿನಲ್ಲಿ ಕೂಗಿದಾಗ, "ಕೂಗು ಮಗ, ಜೋರಾಗಿ ಕೂಗು, ಆನೆ ದಾರಿ ಬುಡ್ಲಿ" ಎಂದರಂತೆ. ಬೊಮ್ಮಿ ಆ ನೋವಿನಲ್ಲೂ ಬೈದಳಂತೆ: "ನೀ ಸುಮ್ನೆ ನಡಿ ಚೌಡಣ್ಣ, ನಿನ್ನ ಮಾತ್ಗೇ ಆನೆ ಓಡೋಗವೆ!"

ಇನ್ನು ಸಾಹೇಬರ ಹಿಂದಿನ ಸಭೆ. ನೆಲ್ಲಿಮರದ ಕೆಳಗೆ ಸಾಹೇಬರು ಕುರ್ಚಿಯಲ್ಲಿ ಕೂತು, ನಿಮ್ಮ ಒಳ್ಳೆಯದಕ್ಕೇ ಇಳಿಸುತ್ತಿದ್ದೇವೆ ಎಂದು ಬಹಳ ಹೊತ್ತು ಹೇಳಿದರು. ಚೌಡಜ್ಜ ಕೈ ಕಟ್ಟಿಕೊಂಡು ಕೇಳಿ, ಕೊನೆಗೆ ಎದ್ದು ನಿಂತರು. "ಸರಿ ಸ್ವಾಮಿ, ಇಳಸ್ತೀನಿ ಅಂತಿರಿ. ನಮ್ಮಲ್ಲಿ ಇಳಿಯೋನ ಹಗ್ಗ ಹಿಡಿಯೋನು ಹೆಂಡ್ತಿ ತಮ್ಮ. ನೀವು ಇಡೀ ಹಾಡಿನೇ ಇಳಿಸೋರು. ಅದಕ್ಕೇ ಕೇಳ್ತೀನಿ, ತೆಪ್ಪು ತಿಳೀಬೇಡಿ. ಈ ಹಾಡಿಲಿ ನಿಮ್ಮಕ್ಕ ಯಾರವ್ರೆ?" ಸಾಹೇಬರು ತಬ್ಬಿಬ್ಬಾಗಿ ಪಕ್ಕದವರ ಮುಖ ನೋಡಿದರು. ಹೆಂಗಸರ ಗುಂಪಿನಿಂದ ಜಕ್ಕಜ್ಜಿಯ ದನಿ ಬಂತು: "ಇದ್ದಿದ್ರೆ ನಮಗೆ ಗೊತ್ತಾಯ್ತಿರ್ಲಿಲ್ವಾ? ಹಬ್ಬಕ್ಕಾದ್ರೂ ಒಂದಿನ ಬತ್ತಿದ್ರು!" ಹಾಡಿಯೆಲ್ಲ ನಕ್ಕಿತು. ಸಾಹೇಬರ ಜೀಪು ಓಡಿಸುವವನೂ ತಲೆ ತಗ್ಗಿಸಿ ನಕ್ಕ.

ಈಗ ಸಿಟ್ಟಿನ ಮಾತು. ಕ್ಷಮಿಸಿ, ನೂರೈವತ್ತು ವರ್ಷವಾದರೂ ಅದು ಆರಿಲ್ಲ. ಚೌಡಜ್ಜ ಸತ್ತದ್ದು ಕಾಡಿನಲ್ಲಿದ್ದುದಕ್ಕಲ್ಲ. ಗೇಟಿನವರೆಗೆ ನೀವು ಅವರನ್ನು ಜೀವಂತವಾಗಿ ತಂದಿದ್ದಿರಿ. ಗೇಟಿನಾಚೆ ಡಾಂಬರು ರಸ್ತೆ ಇತ್ತು, ರಸ್ತೆಯಲ್ಲಿ ವಾಹನ ಇತ್ತು. ನಡುವೆ ಇದ್ದದ್ದು ಒಂದು ಬೀಗ. ಅದನ್ನು ಹಾಕಿದವರೇ ಬಂದು ದೂರದ ಮೇಲೆ ತಪ್ಪು ಹೊರಿಸಿದರು, ಆ ದೂರವನ್ನು ನಿಮ್ಮ ಹೆಗಲಿಗೆ ಹೊರಿಸಿ ಹೋದರು. ಇಷ್ಟು ಹಗುರವಾಗಿ ಇಷ್ಟು ದೊಡ್ಡ ಸುಳ್ಳು ಹೇಳಿದವರನ್ನು ನಾನು ಬೇರೆ ಯಾವ ಚರಿತ್ರೆಯಲ್ಲೂ ಓದಿಲ್ಲ, ಬಹಳ ಓದಿದ್ದೇನೆ. ಮಾರಜ್ಜ, ಹಗ್ಗ ನಿಮ್ಮ ಕೈ ಜಾರಲಿಲ್ಲ. ಯಾರೋ ಅದನ್ನು ನಡುವೆ ಕತ್ತರಿಸಿದರು.

ನಿಮ್ಮ ಬಾವನ ಪ್ರಶ್ನೆ ಏನಾಯಿತು ಗೊತ್ತೇ? ನಗುವಾಗಿ ಹುಟ್ಟಿದ ಅದು ಹಾಡಿಯಿಂದ ಹಾಡಿಗೆ ಹೋಯಿತು. ಅಣೆಕಟ್ಟಿನ ಕೆಳಗಿನ ಊರುಗಳು ಕೇಳಿದವು, ಕಡಲತೀರದ ಮೀನುಗಾರರು ಕೇಳಿದರು, ಪಟ್ಟಣದ ಗುಡಿಸಲಿನವರೂ ಕೇಳಿದರು: ನಮ್ಮಲ್ಲಿ ನಿಮ್ಮಕ್ಕ ಯಾರಿದ್ದಾರೆ? ಉತ್ತರ ಕೊಡಲಾಗದೆ ಎಷ್ಟೋ ಸಭೆಗಳು ಮುರಿದುಬಿದ್ದವು. ಇವತ್ತು ಅದೇ ನಮ್ಮ ನಾಡಿನ ಕಾಯ್ದೆ. ಹೆಸರು ಅಕ್ಕನೊಪ್ಪಿಗೆ. ಯಾರನ್ನಾದರೂ ಇದ್ದ ನೆಲದಿಂದ ಎಬ್ಬಿಸಬೇಕು ಎನ್ನುವ ಅಧಿಕಾರಿ, ಮೊದಲು ತನ್ನ ಮನೆಯವರೊಬ್ಬರನ್ನು ಆ ನೆಲದಲ್ಲಿ ಮಳೆ, ಚಳಿ, ಬೇಸಿಗೆ ಕಳೆಯಲು ಬಿಡಬೇಕು, ಆಮೇಲೆ ಅವರೊಂದಿಗೆ ಆ ಊರಿನ ಸಭೆಯಲ್ಲಿ ನೆಲದ ಮೇಲೆ ಕೂತು ಒಪ್ಪಿಗೆ ಕೇಳಬೇಕು. ಕಾಯ್ದೆ ಬಂದ ಮೇಲೆ ಎಬ್ಬಿಸುವ ಅವಸರ ಎಷ್ಟು ಬೇಗ ಇಳಿಯಿತು ಎಂಬುದನ್ನು ನೀವೇ ಊಹಿಸಿಕೊಳ್ಳಿ. ನಮ್ಮ ಹಾಡಿಗೆ ಹಾಗೆ ಬಂದವಳೊಬ್ಬಳು, ಅಧಿಕಾರಿಯ ತಂಗಿ, ವರ್ಷ ಕಳೆದ ಮೇಲೆ ಹಿಂದಿರುಗಲು ಒಪ್ಪಲೇ ಇಲ್ಲ. ಅಣ್ಣನೇ ಹಬ್ಬಕ್ಕೆ ಇಲ್ಲಿಗೆ ಬರುತ್ತಾನೆ, ನಮ್ಮ ಅಡುಗೆ ಖಾರ ಎಂದು ಗೊಣಗುತ್ತಾ ಎರಡು ಸಲ ಬಡಿಸಿಕೊಳ್ಳುತ್ತಾನೆ.

ಕಾಯಿಲೆಯವರನ್ನು ಕರೆದೊಯ್ಯಲು ಈಗ ಒಂದು ಗಾಡಿ ಬರುತ್ತದೆ. ಚಕ್ರವಿಲ್ಲ, ಸದ್ದಿಲ್ಲ, ಮರಗಳ ನಡುವೆ ಕಂಬಳಿ ತೇಲಿದ ಹಾಗೆ ಬಂದು ಬಾಗಿಲ ಮುಂದೆ ನಿಲ್ಲುತ್ತದೆ. ಯಾವ ಗೇಟೂ ಅದನ್ನು ತಡೆಯುವಂತಿಲ್ಲ. ಅದರ ಹೆಸರು ಚೌಡ. "ಅವ್ವನಿಗೆ ಹುಷಾರಿಲ್ಲ, ಚೌಡನ್ನ ಕರೀರಿ" ಎಂದು ನಾಡಿನ ಉದ್ದಗಲಕ್ಕೂ ಜನ ಹೇಳುತ್ತಾರೆ, ಯಾರೆಂದು ತಿಳಿಯದೆ. ನಗರದ ನಿಘಂಟೊಂದು ಈ ಪದದ ಮೂಲ ತಿಳಿದಿಲ್ಲ ಎಂದು ಬರೆಯಿತು. ತಿಳಿದಿಲ್ಲವಂತೆ! ಕೇಳಿದ್ದರೆ ನಮ್ಮ ಹಾಡಿಯ ಕೈಗೂಸೂ ಹೇಳುತ್ತಿತ್ತು. ಆ ಪಂಡಿತರ ಮನೆಬಾಗಿಲಲ್ಲಿ ಕೂತು ಜಗಳವಾಡಿದೆ. ಹೊಸ ಮುದ್ರಣದಲ್ಲಿ ಹೀಗಿದೆ: ಚೌಡ, ಕಿರುನೆಲ್ಲಿ ಹಾಡಿಯ ಜೇನುಕುರುಬ, ಜಕ್ಕಿಯ ಗಂಡ, ಮಾರನ ಬಾವ, ಜನರನ್ನು ಹೊತ್ತವನು. ಗೆದ್ದೆವು, ಅಜ್ಜ. ನಿಮ್ಮ ಹೆಸರೂ ಅದರಲ್ಲಿದೆ.

ನಾಳೆ ಸಭೆಯಲ್ಲಿ ನೀವು ಏನು ಹೇಳಿದಿರಿ ಎಂಬುದು ನಮಗೆ ಗೊತ್ತು. ನಾನು ಬರೆಯುವುದಿಲ್ಲ. ಬರೆದರೆ ಅದು ನನ್ನ ಮಾತಾಗುತ್ತದೆ, ನಿಮ್ಮದನ್ನು ಕದಿಯಲು ನನಗೆ ಮನಸ್ಸಿಲ್ಲ. ಮಾತು ಬಾರದವನು ಎಂದು ಹೆದರಬೇಡಿ. ದನಿ ನಡುಗಿದರೆ ನಡುಗಲಿ. ಪಾತ್ರೆ ಕಟ್ಟಿದವರು ಬಿಚ್ಚುತ್ತಾರೆ. ಆ ಗೇಟು ಬೀಳುವುದನ್ನು ನೀವು ನಿಮ್ಮ ಕಣ್ಣಿನಿಂದಲೇ ನೋಡುತ್ತೀರಿ.

ಕೇಳುವುದು ಒಂದೇ. ಜಕ್ಕಜ್ಜಿ ಮೂರು ದಿನದಿಂದ ಏನೂ ತಿಂದಿಲ್ಲ. ಯಾರ ಕೈಯಿಂದಲೂ ತಿನ್ನುವುದಿಲ್ಲ, ನಿಮ್ಮ ಕೈಯಿಂದಾದರೆ ತಿನ್ನುತ್ತಾರೆ. ಆಕೆ ತಿಂದು, ಎದ್ದು, ಮಕ್ಕಳನ್ನು ಸಾಕಿದ್ದರಿಂದಲೇ ನಾವೆಲ್ಲ ಇದ್ದೇವೆ. ಗಂಜಿ ಕಾಯಿಸಿ, ಅಕ್ಕನ ಪಕ್ಕ ಕೂತು ಉಣಿಸಿ. ಸಭೆಗೆ ಆಮೇಲೆ ಹೋಗಿ, ಅವರು ಕಾಯಲಿ.

ನಿಮ್ಮ ಅಕ್ಕನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು,
ಮುದ್ದಿ