ಬದನೆಕಾಯಿ ಬಣ್ಣದ ಮನೆ

ಮುಳಬಾಗಿಲು
16 ಫೆಬ್ರವರಿ 2024, ಶುಕ್ರವಾರ

ಪ್ರೀತಿಯ ಸುನಂದ,

ಸಂಕ್ರಾಂತಿಗೆ ನೀನು ಬರೆದ ಕಾಗದ ಬಂದು ತಿಂಗಳಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಎರಡು ಬೈದುಬಿಡು. ಫೋನು ಮಾಡಿದರೆ ನೀನು ‘ಹಾಂ, ಹಾಂ’ ಎಂದು ಮೊಮ್ಮಗಳು ಚಂದನಳ ಕೈಗೆ ಕೊಡುತ್ತೀಯ. ನಾನು ಹೇಳಿದ್ದು ಒಂದೂ ನಿನ್ನ ಕಿವಿಗೆ ಬಿದ್ದಿರುವುದಿಲ್ಲ. ನಮಗೆ ಕಾಗದವೇ ಸರಿ. ಆದರೆ ವರಾಂಡದಲ್ಲಿರುವ ನನ್ನ ಮೇಜು ಎರಡು ವಾರ ಪ್ಲಾಸ್ಟಿಕ್ ಹಾಳೆ ಹೊದ್ದು ಮೂಲೆ ಸೇರಿತ್ತು. ಮಂಚದ ಮೇಲೆ ಕೂತು ಬರೆದರೆ ನನ್ನ ಅಕ್ಷರ ನನಗೇ ಓದಲಾಗುವುದಿಲ್ಲ.

ನಿನ್ನ ಮಂಡಿನೋವು ಹೇಗಿದೆ? ಮಾಲೂರಿನ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರೆ ಹತ್ತಬೇಡ. ಮಾಸ್ತಿಯ ಬಸ್ಸಿನ ಮೆಟ್ಟಿಲೂ ಮೆಟ್ಟಿಲೇ. ನಾನು ಆರೋಗ್ಯವಾಗಿದ್ದೇನೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ಬೆಳಿಗ್ಗೆ ರಾಗಿ ಗಂಜಿ ಕುಡಿದು ಬಡಾವಣೆಯನ್ನು ಎರಡು ಸುತ್ತು ಹಾಕುತ್ತೇನೆ.

ವಿಶೇಷವೆಂದರೆ ಮನೆಗೆ ಹೊರಗಡೆ ಬಣ್ಣ ಹೊಡೆಸಿದೆ. ಕಾರ್ತಿಕದಲ್ಲಿ ಹಾಲು ಉಕ್ಕಿಸಲು ನೀನು ಬಂದಾಗ ಗೋಡೆಗಳು ಬರೀ ಬಿಳಿ ಪುಟ್ಟಿಯಲ್ಲಿದ್ದವಲ್ಲ, ಮೂರು ತಿಂಗಳು ಹಾಗೇ ಇದ್ದವು. ಈಗ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯಲ್ಲಿ ಕಡತ ಬರೆದವಳು, ಹಿಂದುಮುಂದಾಗಿ ಹೇಳಲು ನನಗೆ ಬರುವುದಿಲ್ಲ.

ಬಣ್ಣ ಹೊಡೆಯುವವನ ಹೆಸರು ಮುನಿಯಲ್ಲಪ್ಪ. ಈ ಬಡಾವಣೆಯ ಅರ್ಧ ಮನೆಗಳು ಅವನ ಕೈಯವೇ. ಬಂದವನು ಗೋಡೆ ತಟ್ಟಿ ನೋಡಿ, “ಕ್ರೀಮಾ, ಬಾದಾಮಿನಾ ಮೇಡಂ?” ಎಂದು ಕೇಳಿದ.

“ಇರೋದು ಇವೆರಡೇನಾ?” ಎಂದೆ.

“ಇರೋದು ಸಾವಿರ ಐತೆ ಮೇಡಂ. ಜನ ಹೊಡೆಸೋದು ಇವೆರಡೇ.”

ಸಾವಿರವನ್ನೂ ನೋಡೋಣವೆಂದು ಬಣ್ಣದಂಗಡಿಯಿಂದ ಶೇಡ್ ಕಾರ್ಡು ತರಿಸಿಕೊಂಡೆ. ಮದುವೆ ಆಲ್ಬಮ್ಮಿನಷ್ಟು ದಪ್ಪದ್ದು. ನಾಲ್ಕು ದಿನ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಪುಟ ತಿರುಗಿಸಿದೆ, ಪೆನ್ಸಿಲಿನಲ್ಲಿ ಗುರುತು ಹಾಕಿದೆ, ಅಳಿಸಿದೆ. ಕೊನೆಗೆ ಮೂರು ಉಳಿದವು: ಅರಿಶಿನ, ಗಿಳಿಹಸಿರು ಮತ್ತು ಬದನೆಕಾಯಿ. ಕಾರ್ಡಿನಲ್ಲಿ ಅದಕ್ಕೆ ಏನೋ ಇಂಗ್ಲಿಷ್ ಹೆಸರಿತ್ತು. ನಾನು ನೋಡಿದ ಕೂಡಲೇ ಬದನೆಕಾಯಿ ಎಂದುಕೊಂಡೆ, ಆಮೇಲೆ ಬೇರೆ ಹೆಸರು ನಾಲಿಗೆಗೆ ಹತ್ತಲಿಲ್ಲ. ನಮ್ಮ ಕಡೆಯ ಉದ್ದ ಬದನೆ, ಕಿತ್ತ ತಕ್ಷಣ ಸೆರಗಿನಲ್ಲಿ ಒರೆಸಿದರೆ ಹೊಳೆಯುತ್ತದಲ್ಲ, ಅದೇ ಬಣ್ಣ.

ಮೂರರ ಚಿಕ್ಕ ಡಬ್ಬಿಗಳನ್ನು ತರಿಸಿ ಪೂರ್ವದ ಗೋಡೆಯ ಮೇಲೆ ಒಂದೊಂದು ಕಿಟಕಿಯಷ್ಟಗಲ ಹೊಡೆಸಿದೆ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನೋಡುವುದೇ ಕೆಲಸವಾಯಿತು. ಅರಿಶಿನ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಚುಚ್ಚುತ್ತಿತ್ತು. ಗಿಳಿಹಸಿರು ಎರಡು ದಿನ ಚೆನ್ನಾಗಿತ್ತು, ಮೂರನೆಯ ದಿನ ಬಸ್ ಸ್ಟ್ಯಾಂಡಿನ ಕ್ಯಾಂಟೀನು ನೆನಪಾಯಿತು, ಅಲ್ಲಿಗೆ ಮುಗಿಯಿತು. ಬದನೆಕಾಯಿ ಮಾತ್ರ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ. ಎಳೆಬಿಸಿಲಿಗೆ ಕೆಂಪು ಕಾಣುತ್ತದೆ, ದೀಪ ಹಚ್ಚುವ ಹೊತ್ತಿಗೆ ನೀಲಿಗೆ ತಿರುಗುತ್ತದೆ. ಏಳು ದಿನವೂ ಬೇಸರವಾಗಲಿಲ್ಲ.

ಎದುರುಮನೆಯ ವೆಂಕಟರತ್ನಮ್ಮ ಆ ವಾರವೆಲ್ಲ ಗೇಟಿನ ಬಳಿಯೇ ಇದ್ದರು. ಗಡಿಯಾಚೆಯಿಂದ ಬಂದ ಸೊಸೆ, ನಲವತ್ತು ವರ್ಷ ಈ ಊರಿನಲ್ಲಿದ್ದರೂ ಆಶ್ಚರ್ಯ ಬಂದಾಗ ತೆಲುಗೇ ಬರುವುದು. “ಇದೇಮಿ ಅಕ್ಕಾ ಇದಿ? ವಂಕಾಯ ರಂಗಾ?” ಎಂದರು. ಹೌದು, ಬದನೆಕಾಯಿಯೇ ಎಂದೆ. ಆಮೇಲೆ ಕನ್ನಡಕ್ಕೆ ಬಂದರು. “ಸೀರೆಗಾದ್ರೆ ಚೆನ್ನಾಗಿರ್ತದೆ ಅಕ್ಕ. ಸೀರೆ ಬೇಡ ಅಂದ್ರೆ ಬಿಚ್ಚಿಡಬೌದು. ಗೋಡೆ ಬಿಚ್ಚಿಡೋಕಾಗಲ್ಲ.” ಮಾತು ಸರಿಯಾಗಿಯೇ ಇತ್ತು. ಆದರೂ ಸೋಮವಾರ ಅಂಗಡಿಗೆ ಹೋಗಿ ನಾಲ್ಕು ಗೋಡೆಗೂ ಆಗುವಷ್ಟು ಬದನೆಕಾಯಿಯನ್ನೇ ಬೆರೆಸಲು ಹೇಳಿ ಬಂದೆ. ಕಿಟಕಿ ಬಾಗಿಲುಗಳ ಅಂಚಿಗೆ ಬಿಳಿ.

ಯಾಕೆ ಇದೇ ಎಂದು ನೀನೂ ಕೇಳುತ್ತೀಯ. ಬೇರೆಯವರಿಗೆ ಕಾರಣವಿಲ್ಲ ಎಂದೆ. ನಿನಗೆ ಹಾಗನ್ನಲಾರೆ. ಶ್ರೀನಿವಾಸಪುರದಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಇದ್ದ ಕೋಣೆ ನೆನಪಿದೆಯಲ್ಲ. ಮನೆಯ ಯಜಮಾನ ಚನ್ನರಾಯಪ್ಪನವರು ಗೋಡೆಗೆ ಮೊಳೆ ಹೊಡೆಯಬಾರದು ಎಂದಿದ್ದರು. ನಾವು ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರ ಕಟ್ಟಿ ತೂಗುಹಾಕಿದ್ದೆವು. ಗಾಳಿ ಬಂದರೆ ಏಪ್ರಿಲ್ ಹೋಗಿ ನವೆಂಬರ್ ಕಾಣುತ್ತಿತ್ತು. ನೀನು ಮದುವೆಯಾಗಿ ಮಾಸ್ತಿಗೆ ಹೋದೆ, ನಾನು ವರ್ಗವಾಗಿ ಮುಳಬಾಗಿಲಿನ ಕ್ವಾರ್ಟರ್ಸಿಗೆ ಬಂದೆ. ಅಲ್ಲಿ ಸರ್ಕಾರ ಹೊಡೆಸಿದ ಹಳದಿ. ಅದಕ್ಕೂ ಮೊದಲು ಅಪ್ಪನ ಮನೆಯಲ್ಲಿ ಪ್ರತಿ ಯುಗಾದಿಗೂ ಅಮ್ಮನೂ ನಾನೂ ಸುಣ್ಣ ಬಳಿಯುತ್ತಿದ್ದೆವು. ಬಳಿಯುವ ಕೈ ನನ್ನದೇ ಇತ್ತು. ಯಾವ ಬಣ್ಣ ಎಂಬ ಪ್ರಶ್ನೆ ಎಲ್ಲಿಯೂ ಎದ್ದಿರಲಿಲ್ಲ. ಇದನ್ನು ದುಃಖವೆಂದು ಬರೆಯುತ್ತಿಲ್ಲ, ಹೀಗಿತ್ತು ಎಂದು ಬರೆಯುತ್ತಿದ್ದೇನೆ. ಅರವತ್ತೊಂದನೆಯ ವಯಸ್ಸಿನಲ್ಲಿ ಮುನಿಯಲ್ಲಪ್ಪ ಕೇಳಿದ, ನನಗೆ ಉತ್ತರ ಹೇಳಬೇಕೆನ್ನಿಸಿತು.

ಮೊದಲನೇ ಕೋಟು ಮುಗಿಯುವಷ್ಟರಲ್ಲಿ ಬಡಾವಣೆಯಲ್ಲಿ ಮನೆಗೆ ಹೆಸರಾಯಿತು. ಆಟೋದವರು ‘ಬದನೆಕಾಯಿ ಮನೆ ಹತ್ರಾನಾ?’ ಎನ್ನುತ್ತಾರೆ. ತೆಲುಗಿನವರು ವಂಕಾಯ ಇಲ್ಲು ಎನ್ನುತ್ತಾರೆ. ಹಾಲಿನವಳು ದಿನವೂ ಒಮ್ಮೆ ತಲೆಯೆತ್ತಿ ನೋಡಿ, ಹಾಲು ಅಳೆದು ಹೋಗುತ್ತಾಳೆ.

ಹೋದ ಭಾನುವಾರ ನನ್ನ ತಮ್ಮ ಮುರಳಿಮೋಹನ ಮಾಲೂರಿನಿಂದ ಬಂದ. ಅವನ ಮಗ ಅರುಣನೂ ಜೊತೆಗಿದ್ದ. ಅರುಣ್‌ಕುಮಾರ್ ನಿನಗೆ ಗೊತ್ತಿರುವವನೇ. ಪಿಯುಸಿಯಿಂದ ಡಿಗ್ರಿ ಮುಗಿಯುವವರೆಗೆ ಐದು ವರ್ಷ ಕ್ವಾರ್ಟರ್ಸಿನಲ್ಲಿ ನನ್ನ ಜೊತೆಯಲ್ಲೇ ಇದ್ದು ಓದಿದ. ಈಗ ನಂಗಲಿ ರಸ್ತೆಯಲ್ಲಿ ಲಾರಿಗಳ ಬ್ಯಾಟರಿ ಅಂಗಡಿ ಇಟ್ಟಿದ್ದಾನೆ. ಹೆಣ್ಣು ನೋಡುತ್ತಿದ್ದಾರೆ. ಅವರು ಬಂದಾಗ ಮುನಿಯಲ್ಲಪ್ಪ ಏಣಿಯ ಮೇಲಿದ್ದ. ಮುಂದಿನ ಗೋಡೆಗೆ ಎರಡನೇ ಕೋಟು ಅರ್ಧ ಆಗಿತ್ತು.

ಮುರಳಿ ಗೇಟಿನಲ್ಲೇ ನಿಂತುಬಿಟ್ಟ.

“ಅಕ್ಕ, ಏನಿದು?”

“ಬಣ್ಣ.”

“ಅದು ಕಾಣಿಸ್ತಿದೆ. ಯಾರು ಹೇಳಿದ್ದು ಇದನ್ನ ಹೊಡೀರಿ ಅಂತ?”

“ನಾನೇ.”

ಅವನು ನನ್ನ ಜೊತೆ ಮಾತು ನಿಲ್ಲಿಸಿ ಮೇಲೆ ನೋಡಿದ. “ರೀ, ಸಾಕು ನಿಲ್ಸಿ. ಇಳೀರಿ ಕೆಳಗೆ.” ಮುನಿಯಲ್ಲಪ್ಪ ಇಳಿಯಲಿಲ್ಲ, ಹೊಡೆಯಲೂ ಇಲ್ಲ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರಗಿಸಿ ನನ್ನ ಮುಖ ನೋಡಿದ. ಎದುರುಗಡೆ ವೆಂಕಟರತ್ನಮ್ಮ ಸೊಪ್ಪು ಬಿಡಿಸುತ್ತಿದ್ದವರು ಬಿಡಿಸುವುದನ್ನು ನಿಲ್ಲಿಸಿದರು. ಒಳಗೆ ಬಾ ಎಂದು ತಮ್ಮನನ್ನು ಕರೆದುಕೊಂಡು ಹೋದೆ.

ಕೂತ ಮೇಲೆ ಅವನ ಸ್ವರ ತಗ್ಗಿತು. ಮುರಳಿ ಕೆಟ್ಟವನಲ್ಲ, ನಿನಗೂ ಗೊತ್ತು. ಅಪ್ಪ ತೀರಿಕೊಂಡಾಗಿನಿಂದ ಮನೆಗೆ ತಾನೊಬ್ಬನೇ ಗಂಡಸು ಎಂಬ ಭಾರ ಹೊತ್ತುಕೊಂಡಿದ್ದಾನೆ, ಯಾರೂ ಹೊರಿಸದಿದ್ದರೂ.

“ಒಂಟಿ ಹೆಂಗಸು ಇರೋ ಮನೆ ಅಕ್ಕ. ಜನದ ಕಣ್ಣಿಗೆ ಬೀಳದ ಹಾಗಿರಬೇಕು,” ಎಂದ.

“ಇಷ್ಟು ವರ್ಷ ಬೀಳದ ಹಾಗೇ ಇದ್ನಲ್ಲ ಮುರಳಿ.”

“ತಮಾಷೆ ಬೇಡ. ನಾಳೆ ಬಾಡಿಗೆಗೆ ಕೊಡ್ಬೇಕು ಅಂದ್ರೆ ಯಾರು ಬರ್ತಾರೆ ಇದಕ್ಕೆ?”

“ಬಾಡಿಗೆಗೆ ಯಾಕೆ ಕೊಡ್ಲಿ? ನಾನಿರ್ತೀನಲ್ಲ.”

ಅವನು ಲೋಟ ಎತ್ತಿಕೊಂಡು ನೀರು ಕುಡಿದ. ಪೂರ್ತಿ ಕುಡಿದ ಮೇಲೂ ಲೋಟ ಕೆಳಗಿಡಲಿಲ್ಲ. ಆಗ ಅರುಣ, ಅಲ್ಲಿಯವರೆಗೂ ಬಾಗಿಲಿಗೆ ಒರಗಿ ನಿಂತಿದ್ದವನು, “ಬಿಡಪ್ಪ. ಅತ್ತೆ ಮನೆ, ಅತ್ತೆ ಇಷ್ಟ. ನಂಗಂತೂ ಚೆನ್ನಾಗೇ ಕಾಣ್ತಿದೆ. ಮುಂದೆ ಎರಡು ಲೈಟ್ ಹಾಕಿದ್ರೆ ಇನ್ನೂ ಚೆನ್ನಾಗಿರ್ತದೆ ಅತ್ತೆ, ನಾನೇ ತಂದ್ ಹಾಕ್ತೀನಿ,” ಎಂದ.

ಅಷ್ಟು ಸಾಕಾಯಿತು. ನಾನು ಹೊರಗೆ ಹೋಗಿ, “ಮುನಿಯಲ್ಲಪ್ಪ, ಮುಂದುವರ್ಸಪ್ಪ,” ಎಂದೆ.

“ಹೊಡೀತಾನೇ ಇದೀನಿ ಮೇಡಂ. ಅರ್ಧಕ್ಕೆ ನಿಲ್ಸಿದ್ರೆ ಗೆರೆ ಬೀಳ್ತದೆ,” ಎಂದ ಅವನು. ನಾವು ಒಳಗೆ ಮಾತಾಡುತ್ತಿದ್ದಾಗಲೇ ಶುರು ಮಾಡಿದ್ದ.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಮಾಡಿ ಬಡಿಸಿದೆ. ಮುರಳಿ ಬಣ್ಣದ ಮಾತೆತ್ತದೆ ಊಟ ಮಾಡಿದ. ಹೊರಡುವಾಗ ಕಾರಿನ ಕಿಟಕಿ ಇಳಿಸಿ, “ಹಿಂದಿನ ಗೋಡೆನಾದ್ರೂ ಬಿಳಿ ಹೊಡೆಸು ಅಕ್ಕ,” ಎಂದ. ಹಿಂದಿನ ಗೋಡೆಗೆ ಮಂಗಳವಾರ ಹೊಡೆಸಿದೆ, ಅದೂ ಬದನೆಕಾಯಿಯೇ.

ಬುಧವಾರ ಕೆಲಸ ಮುಗಿಯಿತು. ಏಣಿ, ಡಬ್ಬಿ, ಗೋಣಿಚೀಲ ಎಲ್ಲ ಹೋದ ಮೇಲೆ ನಾನು ರಸ್ತೆ ದಾಟಿ ವೆಂಕಟರತ್ನಮ್ಮನವರ ಕಟ್ಟೆಯ ಮೇಲೆ ಕೂತು ನನ್ನ ಮನೆಯನ್ನು ನೋಡಿದೆ. ಸೈಟು ಕೊಂಡಾಗ, ಪಾಯ ಹಾಕಿದಾಗ, ಹಾಲು ಉಕ್ಕಿಸಿದಾಗ ಎಲ್ಲರೂ ಸಂತೋಷವಾಯ್ತಾ ಎಂದು ಕೇಳಿದ್ದರು, ನಾನು ಆಯ್ತು ಎಂದಿದ್ದೆ. ನಿಜವಾಗಿ ಆದದ್ದು ಮೊನ್ನೆ ಬುಧವಾರ ಆ ಕಟ್ಟೆಯ ಮೇಲೆ. ವೆಂಕಟರತ್ನಮ್ಮ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರು. “ನೋಡ್ತಾ ನೋಡ್ತಾ ಕಣ್ಣಿಗೆ ಒಗ್ತದೆ ಬಿಡಕ್ಕ,” ಎಂದರು. ಅವರ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಮಂಡಿ ಸ್ವಲ್ಪ ವಾಸಿಯಾದ ಮೇಲೆ ಬಂದು ನಾಲ್ಕು ದಿನ ಇದ್ದು ಹೋಗು. ಬಸ್ ಸ್ಟ್ಯಾಂಡಿನಲ್ಲಿ ಆಟೋ ಹತ್ತಿ ಬದನೆಕಾಯಿ ಮನೆ ಎಂದರೆ ಸಾಕು, ವಿಳಾಸ ಬೇಡ. ಚಂದನಳ ಪರೀಕ್ಷೆ ಹತ್ತಿರ ಬಂತು. ಊಟ ಬಿಟ್ಟು ಓದುವುದು ಬೇಡ ಎಂದು ಈ ಅಜ್ಜಿ ಹೇಳಿದಳೆಂದು ಹೇಳು. ಮಗುವಿಗೆ ಒಳ್ಳೆಯದಾಗಲಿ. ನಿಮ್ಮ ಮನೆಯವರೆಲ್ಲರೂ ತಣ್ಣಗಿರಲಿ.

ನಿನ್ನ
ಶಾಮಲ

ಕಾಗದ ಮಡಚುವ ಮೊದಲು ಇನ್ನೊಂದು. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮಾತು ಬಿಟ್ಟಿದ್ದೆ. ಭಾನುವಾರ ಊಟವಾದ ಮೇಲೆ, ಒಣಹಾಕಿದ್ದ ಹುಣಸೆಹಣ್ಣನ್ನು ತಿರುವಿಹಾಕಲು ಮಹಡಿಗೆ ಹೋಗಿದ್ದೆ. ಅಪ್ಪ ಮಗ ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದರು. ಮುರಳಿ ಇನ್ನೂ ಗೊಣಗುತ್ತಿದ್ದ. ಅರುಣ ಹೇಳಿದ: “ಯಾಕಪ್ಪ ಅತ್ತೆ ಹತ್ರ ವಾದ ಮಾಡ್ತೀಯ. ಅವರಿರೋಷ್ಟು ದಿನ ಅವರಿಷ್ಟದ ಹಾಗೇ ಇರ್ಲಿ. ಆಮೇಲೆ ನಮ್ದೇ ತಾನೇ, ಬಿಳಿ ಹೊಡೆಸ್ಕೊಂಡ್ರಾಯ್ತು.”

ಅವನ ದನಿಯಲ್ಲಿ ದುರಾಸೆ ಇರಲಿಲ್ಲ ಸುನಂದ. ನನ್ನ ಪರವಾಗಿಯೇ ಮಾತಾಡುತ್ತಿದ್ದ, ಬಹಳ ಮೃದುವಾಗಿ. ಮುರಳಿಯ ಸಿಟ್ಟಿಗೆ ನಾನು ಉತ್ತರ ಕೊಡಬಲ್ಲೆ. ಇದಕ್ಕೆ ಏನು ಕೊಡಲಿ? ಮನೆಯನ್ನು ಅವನ ಹೆಸರಿಗೇ ಬರೆದಿಡಬೇಕೆಂದು ಪಾಯ ಹಾಕಿದ ದಿನವೇ ನಿಶ್ಚಯಿಸಿದ್ದೆ, ಯಾರಿಗೂ ಹೇಳಿರಲಿಲ್ಲ. ಬರುವ ಯುಗಾದಿಗೆ ಅವನನ್ನು ಕೂರಿಸಿಕೊಂಡು ಹೇಳಬೇಕು, ಅವನ ಮುಖ ನೋಡಬೇಕು ಎಂದಿದ್ದೆ. ಈಗ ಹೇಳಿದರೂ ಅವನಿಗೆ ಹೊಸ ಸುದ್ದಿಯಲ್ಲ. ಬರೆದಿಡುವುದಂತೂ ಬರೆದಿಡುತ್ತೇನೆ. ಕೊಟ್ಟೆ ಅನ್ನಿಸುವುದಿಲ್ಲ, ಅಷ್ಟೇ.

ನೀನು ಉತ್ತರ ಬರೆಯುವಾಗ ಇದರ ಪ್ರಸ್ತಾಪ ಮಾಡಬೇಡ. ಹೊಸ ಬಡಾವಣೆಗೆ ಇನ್ನೂ ಸರಿಯಾಗಿ ಟಪಾಲು ಬರುವುದಿಲ್ಲ. ಪೋಸ್ಟಿನವನು ನನ್ನ ಕಾಗದಗಳನ್ನು ಅರುಣನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ, ಅವನು ಎಷ್ಟೇ ಕೆಲಸವಿದ್ದರೂ ಅವತ್ತೇ ಸಂಜೆ ತಂದುಕೊಡುತ್ತಾನೆ. ಒಡೆದು ಓದುವ ಹುಡುಗನಲ್ಲ. ಆದರೂ ಬೇಡ.