ಮೂರನೇ ಪ್ರೆಸ್ಸಿನ ಕ್ಲಿಪ್

ಗುಬ್ಬಿ
ಮಾರ್ಚ್ 28

ಮ್ಯಾನೇಜರ್ ರಘುನಂದನ ಅವರಿಗೆ ನಮಸ್ಕಾರ.

ಹಿರೇಹಳ್ಳಿಯ ನಿಮ್ಮ ಕಾರ್ಖಾನೆಯ ಜಾಹೀರಾತಿಗಾಗಿ ನಾನು ಮಾರ್ಚ್ ಹನ್ನೆರಡರಂದು ಶೂಟ್ ಮಾಡಿದೆ. ಎರಡು ದಿನದ ನಂತರ ಅಲ್ಲಿನ ಮೂರನೇ ಪ್ರೆಸ್ ಯಂತ್ರಕ್ಕೆ ಸಿಕ್ಕಿ ನಿಮ್ಮ ಕೆಲಸಗಾರ್ತಿ, ಊರ್ಡಿಗೆರೆಯ ಶಿವರುದ್ರಮ್ಮನವರ ಎರಡು ಬೆರಳು ಹೋದವು. ಕೈ ಸಿಗದಂತೆ ಜನವರಿಯಲ್ಲೇ ಗಾರ್ಡ್ ಹಾಕಿಸಿದ್ದೆವು, ಆಕೆಯೇ ಬಿಚ್ಚಿದಳು ಎಂದು ನೀವು ವಿಚಾರಣೆಯಲ್ಲಿ ಬರೆದುಕೊಟ್ಟಿರಿ. ನನ್ನ ಕ್ಲಿಪ್ಪಿನಲ್ಲಿ ಆ ಪ್ರೆಸ್ಸಿಗೆ ಗಾರ್ಡ್ ಕೂರಿಸುವ ಬೋಲ್ಟಿನ ತೂತೂ ಇಲ್ಲ.

ನಿನ್ನೆ ಫೋನಿನಲ್ಲಿ, "ಕ್ಲಿಪ್ ಡೇಟು ಡಿಸೆಂಬರ್‌ಗೆ ಮಾಡ್ಕೊಡಮ್ಮ, ವರ್ಷವೆಲ್ಲ ನಮ್ ಕೆಲ್ಸ ನಿಂಗೇ" ಎಂದಿರಿ. ಆಗುವುದಿಲ್ಲ ಸಾರ್. ನನ್ನ ಕ್ಯಾಮೆರಾ ಪ್ರತಿ ಕ್ಲಿಪ್ಪಿನೊಳಗೂ ದಿನಾಂಕ, ಸಮಯ, ಶೂಟ್ ಮಾಡಿದವರ ಹೆಸರು ದಾಖಲಿಸುತ್ತದೆ. ಅಲ್ಲಿರುವುದು ನನ್ನ ಹೆಸರು.

ಕ್ಯಾಮೆರಾದ ಮೂಲ ಮೆಮೊರಿ ಕಾರ್ಡನ್ನು ಇಂದು ಬೆಳಿಗ್ಗೆ ವಿಚಾರಣಾಧಿಕಾರಿಗೆ ಒಪ್ಪಿಸಿದೆ. ಅಲ್ಲಿ ಕ್ಲಿಪ್ ನೋಡಿದ ಶಿವರುದ್ರಮ್ಮ, "ಎಲ್ಲಾರೂ ಹೇಳಿ ಹೇಳಿ, ನಾನೇ ಬಿಚ್ಚಿದ್ನೇನೋ ಅಂತ ನಂಗೇ ಅನ್ಸಿಬಿಟ್ಟಿತ್ತು ಕಣವ್ವ" ಎಂದು ಅತ್ತರು.

ಆ ಪ್ರೆಸ್ಸಿನಲ್ಲಿ ಈಗ ಇನ್ನೊಬ್ಬ ಹೆಣ್ಣುಮಗಳು ಕೆಲಸ ಮಾಡುತ್ತಿದ್ದಾಳಂತೆ. ದಯವಿಟ್ಟು ಮೊದಲು ಗಾರ್ಡ್ ಹಾಕಿಸಿ. ಹಾಕಿಸಿದ ದಿನ ಕರೆಯಿರಿ, ಬಂದು ಶೂಟ್ ಮಾಡುತ್ತೇನೆ. ಆ ಕ್ಲಿಪ್ಪಿನಲ್ಲೂ ಅಂದಿನ ದಿನಾಂಕವೇ ಇರುತ್ತದೆ.

ಇತಿ,
ಅಮೂಲ್ಯಾ
ವಿಡಿಯೋಗ್ರಾಫರ್