ಕರವಸ್ತ್ರ ಸುತ್ತಿದ ವೈರು

ಅಪ್ಪನಿಗೆ ನಮಸ್ಕಾರ.

ಅಕ್ಕನ ಮನೆಯಿಂದ ನಿಮ್ಮನ್ನು ನಮ್ಮ ಕಾರಿನಲ್ಲೇ ಕರೆತರೋಣವೆಂದು ನಿನ್ನೆ ಶೆಡ್ಡಿನ ಬಾಗಿಲು ತೆಗೆದೆ. ಆರು ತಿಂಗಳಿಂದ ನೀವು ಹೇಳುತ್ತಿದ್ದ ಹಾಗೆಯೇ ಅದು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಮೂಲೆ ಗ್ಯಾರೇಜಿನ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದರು. ಬ್ಯಾಟರಿಯ ವೈರು ಕಳಚಿತ್ತು. ತುದಿಗೆ ನಿಮ್ಮ ನೀಲಿ ಕರವಸ್ತ್ರ ಸುತ್ತಿತ್ತು, ಮೇಲೆ ನೀವು ಹಾಕುವ ಎರಡು ಸುತ್ತಿನ ಗಂಟು.

"ಇದು ಕೆಟ್ಟಿದ್ದಲ್ಲಮ್ಮ, ತಿಳಿದವರೇ ಬಿಚ್ಚಿಟ್ಟಿದ್ದಾರೆ," ಅಂದರು.

ವೈರು ಜೋಡಿಸಿ ಬ್ಯಾಟರಿಗೆ ಚಾರ್ಜ್ ಕೊಟ್ಟ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹಿಂದಕ್ಕೆ ತೆಗೆದಾಗ ಗೋಡೆ ಕಡೆಯ ಬಾಗಿಲಲ್ಲಿ ಉದ್ದಕ್ಕೆ ಗೀರು ಕಂಡಿತು. ಗೇಟಿನ ಕಂಬಕ್ಕೂ ಕಾರಿನ ಬಣ್ಣ ಹತ್ತಿದೆ.

ಅವರು ಹೋದ ಮೇಲೆ ಕಾರನ್ನು ಒಳಗಿಟ್ಟು, ವೈರು ಬಿಚ್ಚಿ, ಕರವಸ್ತ್ರವನ್ನು ಮೊದಲಿನಂತೆಯೇ ಸುತ್ತಿದೆ. ಗಂಟು ಮಾತ್ರ ನಿಮ್ಮಷ್ಟು ಚೆನ್ನಾಗಿ ಬರಲಿಲ್ಲ. ಅಮ್ಮ ಅಂಗಡಿಯಿಂದ ಬಂದು ಕೇಳಿದಾಗ, "ಅಪ್ಪ ಹೇಳಿದ್ದೇ ಸರಿ, ಹಳೇ ಗಾಡಿ, ಅದರ ಕಥೆ ಮುಗೀತು," ಅಂದೆ.

ಗುರುವಾರ ಬಸ್ಸಿನಲ್ಲಿ ಬರುತ್ತೇನೆ. ವಾಪಸು ಬರುವಾಗ ಕಣ್ಣಿನ ಡಾಕ್ಟರ ಹತ್ತಿರ ನನ್ನ ಕನ್ನಡಕದ ಕೆಲಸವಿದೆ. ಹೇಗೂ ಹೋಗಿರುತ್ತೇವೆ, ನೀವೂ ಒಮ್ಮೆ ತೋರಿಸಿಬಿಡಿ.

ಅಕ್ಷರ ದಪ್ಪ ದಪ್ಪವಾಗಿ ಬರೆದಿದ್ದೇನೆ. ಅಕ್ಕನ ಕೈಲಿ ಓದಿಸಬೇಡಿ.

ನಿಮ್ಮ ಕಿರಿಮಗಳು